ಇಂಗ್ಲೆಂಡಿನ ಕಟಕಟೆಯಲ್ಲಿ ಒಬ್ಬ ಅಮೀನ

ಇಂಗ್ಲೆಂಡಿಗೆ ಹೋಗಿ ಬಂದು ಎರಡು ವರ್ಷವಾಗುತ್ತ ಬಂತು. ಬರೆದುಕೊಡಿ ಎಂದು ಕಡೂರಿನ ಗೆಳೆಯರು ಕೇಳಿದಾಗಲೆಲ್ಲ ‘ಬರೀತೀನಿ ತಡೀರಪ್ಪಾ’ ಎಂದು ಮುಂದಕ್ಕೆ ತಳ್ಳಿದ್ದೇನೆ. ಮೊದಲು ಕಣ್ಣಿನ ಆಪರೇಷನ್ ಎಂದೆ, ಆಮೇಲೆ ಕೈ ನಡುಗುತ್ತದೆ ಎಂದೆ. ಎರಡೂ ನೆಪ. ಬೆಳಿಗ್ಗೆ ವಾಕಿಂಗ್ ಮುಗಿಸಿ ಹೋಟೆಲಿನಲ್ಲಿ ಕೂತಾಗ ಅಲ್ಲಿಯ ಅಳಿಲಿನ ವಿಷಯ ಹೇಳಿದ್ದೇನೆ: ನಾಯಿಮರಿಯಷ್ಟು ದಪ್ಪ, ಬೂದು ಬಣ್ಣ, ಬೆನ್ನ ಮೇಲೆ ಗೆರೆಗಳೇ ಇಲ್ಲ. ಬಸ್ಸಿನಿಂದ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ ಎಂದು ಹೇಳಿದಾಗ ಎಲ್ಲರೂ ನಕ್ಕಿದ್ದಾರೆ. ಯಾಕೆ ಹೋಗಿದ್ದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಮೊಮ್ಮಗಳನ್ನು ಉಳಿಸಿಕೊಳ್ಳಲು ಹೋಗಿದ್ದೆ. ನನ್ನ ಮಗಳು ಸುಮಿತ್ರ ನರ್ಸು. ಅಲ್ಲಿಯ ಒಂದು ವೃದ್ಧಾಶ್ರಮದಲ್ಲಿ ಕೆಲಸ. ಗಂಡ ಅಜ್ಜಂಪುರದವನು, ಅವಳ ವೀಸಾದ ಮೇಲೆ ಹಿಂದೆ ಹೋದವನು. ಹೊಡೆಯುತ್ತಿದ್ದ. ಕೊನೆಗೆ ಪೊಲೀಸರು ಬಂದು ಅವನನ್ನು ಬೇರೆ ಇರುವಂತೆ ಮಾಡಿದರು. ಆಗ ಅವನು, ಏಳು ವರ್ಷದ ಮಗಳು ಮಾನ್ಯಳನ್ನು ತನಗೆ ಒಪ್ಪಿಸಬೇಕು, ಅಜ್ಜಂಪುರದಲ್ಲಿ ತನ್ನ ತಾಯಿಯ ಬಳಿ ಬೆಳೆಸುತ್ತೇನೆ ಎಂದು ಅಲ್ಲಿಯ ಕೋರ್ಟಿಗೆ ಹೋದ. ಹೊಡೆದದ್ದೆಲ್ಲ ಸುಳ್ಳು, ಈಗ ಕಟ್ಟಿದ ಕಥೆ ಎಂದ. ಹೊಡೆತ ಶುರುವಾದಾಗಲೇ ಸುಮಿತ್ರ ಫೋನಿನಲ್ಲಿ ಹೇಳಿಕೊಂಡಿದ್ದು ಇಬ್ಬರಿಗೆ ಮಾತ್ರ, ನನಗೆ ಮತ್ತು ಅವಳ ತಾಯಿಗೆ. ಅವಳ ತಾಯಿಗೆ ಮಂಡಿ ನೋವು, ವಿಮಾನ ಹತ್ತುವಂತಿಲ್ಲ. ಹಾಗಾಗಿ ಸಾಕ್ಷಿ ನಾನು.

ಇನ್ನೊಂದು ವಿಷಯ ಈಗಲೇ ಹೇಳಿಬಿಡಬೇಕು. ನಾನು ಎಸ್.ಎಸ್.ಎಲ್.ಸಿ. ಪಾಸು ಮಾಡಿ, ನಮ್ಮ ಕಡೆಯ ಕೋರ್ಟೊಂದರಲ್ಲಿ ಮೂವತ್ತೊಂದು ವರ್ಷ ಅಮೀನನಾಗಿದ್ದವನು. ಅಂದರೆ ಸಮನ್ಸು ನೋಟೀಸುಗಳನ್ನು ಊರೂರಿಗೆ ಒಯ್ದು ಜಾರಿ ಮಾಡಿ, ಅದರ ಹಿಂದೆ ಷರಾ ಬರೆದು ತರುವ ಕೆಲಸ. ಯಾವ ಕೋರ್ಟು ಎಂದು ಬರೆಯುವುದಿಲ್ಲ. ತಪ್ಪು ನನ್ನದು, ಕಟ್ಟಡದ್ದಲ್ಲ.

ಹೊರಟ ದಿನ

ಬಟ್ಟೆ ತುಂಬುತ್ತಿದ್ದಾಗ ನನ್ನ ಹೆಂಡತಿ ಮಂಚದ ಮೇಲೆ ಕೂತು ನೋಡುತ್ತಿದ್ದಳು. ಸಹಾಯ ಮಾಡಲಿಲ್ಲ.

‘ಏನೇ, ಸ್ವೆಟರ್ ಎಲ್ಲಿಟ್ಟಿದ್ದೀಯಾ?’ ಎಂದೆ.

‘ಅಲ್ಲೇ ಐತೆ ನೋಡ್ರೀ. ನಿಮ್ ಕಣ್ಣಿಗೆ ಕಾಣ್ಬೇಕಾದ್ದು ಯಾವತ್ತು ಕಂಡೈತೆ.’

‘ಈಗ್ಯಾಕೆ ಆ ಮಾತು?’

‘ಮತ್ಯಾವಾಗ ಆಡ್ಲಿ? ಮಗಳು ಫೋನ್ ಮಾಡಿ ಅತ್ತಾಗ ಏನಂದ್ರಿ? ಸ್ವಲ್ಪ ಹೊಂದ್ಕೊಂಡು ಹೋಗು, ಗಂಡಸು ಅಂದ್ಮೇಲೆ ಒಂದ್ ಮಾತು ಒಂದ್ ಏಟು ಇರ್ತದೆ ಅಂದ್ರಿ. ನಾನ್ ಪಕ್ಕದಾಗೇ ಕೂತಿದ್ದೆ.’

‘ನೀನೂ ಸುಮ್ನಿದ್ದೆ.’

‘ಹೂಂ, ಸುಮ್ನಿದ್ದೆ. ಅದಕ್ಕೇ ಹೇಳ್ತಿರೋದು. ಅಲ್ಲಿ ಹೋಗಿ ಮೊದ್ಲು ಆ ಮಾತು ಹೇಳ್ರಿ. ನಿಮ್ ಮರ್ಯಾದೆ ಹೋದ್ರೆ ಹೋಗ್ಲಿ, ಕೂಸು ಉಳ್ಕಂಡ್ರೆ ಸಾಕು.’

ಅವಳು ಬಾಗಿಲವರೆಗೂ ಬರಲಿಲ್ಲ. ಮಂಡಿ ನೋವೆಂದು ಪಕ್ಕದ ಮನೆಯವರಿಗೆ ಹೇಳಿದೆ.

ವಿಮಾನದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಪಕ್ಕದ ಸೀಟಿನ ಪಂಜಾಬಿ ಅಜ್ಜ ಒಂಬತ್ತು ಗಂಟೆ ನನ್ನ ಭುಜದ ಮೇಲೆ ನಿದ್ದೆ ಮಾಡಿದ. ಎಬ್ಬಿಸಲು ಮನಸ್ಸಾಗಲಿಲ್ಲ. ಇಳಿಯುವಾಗ ನನ್ನ ಕೈ ಜೋಮು ಹಿಡಿದು ಚೀಲ ಎತ್ತಲಾಗಲಿಲ್ಲ, ಅವನೇ ಎತ್ತಿಕೊಟ್ಟ. ಇಮಿಗ್ರೇಷನ್ನಿನಲ್ಲಿ ಯಾಕೆ ಬಂದಿದ್ದೀರಿ ಎಂದು ಕೇಳಿದರು. ‘ಡಾಟರ್’ ಎಂದೆ. ಹಾಲಿಡೇನಾ ಎಂದರು. ‘ಕೋರ್ಟ್’ ಎಂದುಬಿಟ್ಟೆ. ಆ ಒಂದು ಮಾತಿಗೆ ನನ್ನನ್ನು ಪಕ್ಕದ ಕೋಣೆಯಲ್ಲಿ ಒಂದು ಗಂಟೆ ಕೂರಿಸಿದರು. ಸುಮಿತ್ರ ಕೊಟ್ಟಿದ್ದ ವಕೀಲರ ಕಾಗದ ಓದಿದ ಮೇಲೆ ಆ ಅಧಿಕಾರಿ ಎದ್ದು ನಿಂತು, ಗುಡ್ ಲಕ್ ಸರ್ ಎಂದು ಕೈಕುಲುಕಿದ. ನಮ್ಮ ಕಡೆ ಕೋರ್ಟಿನ ಕೆಲಸಕ್ಕೆ ಹೊರಟವನಿಗೆ ಯಾರೂ ಕೈಕುಲುಕುವುದಿಲ್ಲ.

ಮಗಳ ಊರು

ಊರಿನ ಹೆಸರು ಬರೆಯುವುದಿಲ್ಲ. ಮಗಳು ಅಲ್ಲೇ ಬದುಕಬೇಕು. ನಮ್ಮ ತರೀಕೆರೆಗಿಂತ ಸ್ವಲ್ಪ ದೊಡ್ಡದು. ಒಂದೇ ಅಚ್ಚಿನಲ್ಲಿ ತೆಗೆದಂತಹ ಇಟ್ಟಿಗೆ ಮನೆಗಳ ಸಾಲು, ಜನ ಬೀದಿಯಲ್ಲಿ ಕಾಣುವುದೇ ಅಪರೂಪ. ಜಗಲಿ ಇಲ್ಲ. ಜಗಲಿ ಇಲ್ಲದ ಮೇಲೆ ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಹೇಗೆ ತಿಳಿಯಬೇಕು? ನನ್ನ ಮಗಳು ಏಟು ತಿನ್ನುತ್ತಿದ್ದಾಗ ಗೋಡೆಯಾಚೆ ಮನುಷ್ಯರಿದ್ದರು. ಹಾಗೆಂದು ಅವರನ್ನು ಬೈಯಲು ನನಗೆ ಬಾಯಿಲ್ಲ. ನನಗೆ ಫೋನಿನಲ್ಲೇ ಕೇಳಿಸಿತ್ತು.

ಅಲ್ಲಿ ಬಾಗಿಲುಗಳು ಎಳೆದುಕೊಂಡರೆ ತಾವೇ ಬೀಗ ಬಿದ್ದುಕೊಳ್ಳುತ್ತವೆ. ಮೂರನೆಯ ದಿನ ಹಾಲಿನ ಡಬ್ಬಿ ಎತ್ತಿಕೊಳ್ಳಲು ಹೊರಗೆ ಬಂದೆ, ಗಾಳಿಗೆ ಬಾಗಿಲು ಬಿತ್ತು. ಹವಾಯಿ ಚಪ್ಪಲಿ, ಪಂಚೆ, ಕೈಯಲ್ಲಿ ಹಾಲು. ಸುಮಿತ್ರ ಡ್ಯೂಟಿಯಿಂದ ಬರಲು ಎರಡು ಗಂಟೆ ಬಾಕಿ. ಪಕ್ಕದ ಮನೆಯ ಮುದುಕಿ ಕಿಟಕಿಯಿಂದ ನೋಡಿ ಹೊರಗೆ ಬಂದಳು. ಒಳಗೆ ಬಾ ಎಂದು ಕರೆಯಲಿಲ್ಲ. ತನ್ನ ಒಂದು ಕುರ್ಚಿಯನ್ನು ಹೊರಗೆ ತಂದು ನಮ್ಮ ಬಾಗಿಲ ಮುಂದೆ ಹಾಕಿದಳು. ಒಂದು ಕಂಬಳಿ ಹೊದಿಸಿದಳು, ಟೀ ಕೊಟ್ಟಳು, ಒಳಗೆ ಹೋಗಿ ಮತ್ತೆ ಕಿಟಕಿಯಲ್ಲಿ ಕೂತು ಎರಡು ಗಂಟೆಯೂ ನನ್ನನ್ನು ಕಾದಳು. ಇದು ಆದರವೋ ಅನುಮಾನವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸುಮಿತ್ರ ಬಂದವಳು ನನ್ನನ್ನು ನೋಡಿ ನಕ್ಕಳು. ನಾನು ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ‘ಏನಪ್ಪಾ ಇದು, ಮಠದ ಸ್ವಾಮಿಗಳು ಕೂತಂಗೆ ಕೂತಿದ್ದೀಯಾ!’ ಎಂದಳು. ನಗುವಾಗ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದಳು. ಪಕ್ಕದ ಒಂದು ಹಲ್ಲು ಇರಲಿಲ್ಲ. ನಾನು ಕುರ್ಚಿ ಎತ್ತಿಕೊಂಡು ಪಕ್ಕದ ಮನೆಗೆ ಕೊಡಲು ಹೋದೆ.

ಬಾಗಿಲಿಗೆ ಬಂದವಳು

ಎರಡನೆಯ ವಾರ, ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಐವತ್ತರ ಆಸುಪಾಸಿನ ಹೆಂಗಸು, ಮೈಮೇಲೆ ರೇನ್‌ಕೋಟು, ಕಂಕುಳಲ್ಲಿ ಫೈಲು. ಮುಖ ನೋಡುವ ಮೊದಲೇ ಅವಳದೂ ನನ್ನದೇ ಕಸುಬು ಎಂದು ತಿಳಿದುಹೋಯಿತು. ನಿಂತ ರೀತಿಯೇ ಹೇಳುತ್ತದೆ. ಬಾಗಿಲಿಗೆ ಎದುರಾಗಿ ನಿಲ್ಲುವುದಿಲ್ಲ, ಅರ್ಧ ಹೆಜ್ಜೆ ಪಕ್ಕಕ್ಕೆ.

ಸುಮಿತ್ರ ಇದ್ದಾರೆಯೇ ಎಂದು ಕೇಳಿದಳು. ಅಳಿಯನ ವಕೀಲರು ಹೊಸ ಅರ್ಜಿ ಹಾಕಿದ್ದರು. ಮಗುವಿನ ಪಾಸ್‌ಪೋರ್ಟನ್ನು ತಂದೆಯ ಕೈಗೆ ಕೊಡಿಸಬೇಕು ಎಂದು. ಅದರ ಕಾಗದ.

‘ಡ್ಯೂಟಿ. ಐ ಆಮ್ ಫಾದರ್. ಗಿವ್ ಮಿ, ಐ ಸೈನ್’ ಎಂದು ಕೈ ಚಾಚಿದೆ. ನಮ್ಮಲ್ಲಿ ಮನೆಯ ಹಿರಿಯರ ಕೈಗೆ ಕೊಟ್ಟರೂ ನಡೆಯುತ್ತದೆ. ಅವಳು ನಗುತ್ತಲೇ ತಲೆ ಆಡಿಸಿ ಫೈಲನ್ನು ಇನ್ನೂ ಒತ್ತಿ ಹಿಡಿದುಕೊಂಡಳು. ಅವರ ಕೈಗೇ ಕೊಡಬೇಕು ಎಂದಳು.

ಮರುದಿನ ಬೆಳಿಗ್ಗೆ ಬಂದಳು. ಸುಮಿತ್ರ ರಾತ್ರಿಪಾಳಿ ಮುಗಿಸಿ ಮಲಗಿದ್ದಳು. ಎಬ್ಬಿಸುತ್ತೇನೆ ಎಂದೆ. ಬೇಡ, ನರ್ಸು ಅಂತ ಗೊತ್ತು, ಮಲಗಲಿ ಎಂದು ಹೇಳಿ ಕಾರಿನಲ್ಲಿ ಕೂತಳು. ಎರಡೂವರೆ ಗಂಟೆ. ಕೂತಲ್ಲೇ ಬ್ರೆಡ್ ತಿಂದಳು, ಪೇಪರ್ ಓದಿದಳು. ಸುಮಿತ್ರ ಎದ್ದ ಮೇಲೆ ಬಂದು ಹೆಸರು ಕೇಳಿ, ಕಾಗದ ಕೊಟ್ಟು, ಹಾಗೇ ಹೋಗಲಿಲ್ಲ. ಇದು ಇಂಥ ಕಾಗದ, ಇಂಥ ದಿನ ಕೋರ್ಟು, ಅದಕ್ಕೆ ಮುಂಚೆ ನೀವು ಉತ್ತರ ಕೊಡಬಹುದು, ನಿಮಗೆ ವಕೀಲರಿದ್ದಾರಾ ಎಂದು ಕೇಳಿ ತಿಳಿದುಕೊಂಡೇ ಹೊರಟಳು. ಕಾರಿನ ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟುಕೊಂಡು, ತುಂತುರು ಮಳೆಯಲ್ಲಿ, ಕೊಟ್ಟ ಸಮಯ ಬರೆದುಕೊಂಡಳು. ತಲೆಯೆತ್ತಿ ನೋಡಿ ನಮ್ಮ ಬಾಗಿಲಿನ ಬಣ್ಣವನ್ನೂ ಬರೆದುಕೊಂಡಳು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ, ನಾನೂ ಇದೇ ಕೆಲಸ, ಇಂಡಿಯಾದಲ್ಲಿ, ಮೂವತ್ತೊಂದು ವರ್ಷ ಎಂದೆ. ಅವಳ ಮುಖ ಅರಳಿತು. ಹಾಗಿದ್ದರೆ ನಾಯಿಗಳ ಕಾಟ ನಿಮಗೂ ಗೊತ್ತು ಎಂದು ಪ್ಯಾಂಟು ಸ್ವಲ್ಪ ಮೇಲೆತ್ತಿ ಮೀನಖಂಡದ ಕಲೆ ತೋರಿಸಿದಳು. ನಾನು ನನ್ನ ಕೈಯ ಕಲೆ ತೋರಿಸಿದೆ. ಇಬ್ಬರೂ ನಕ್ಕೆವು. ನಿಮ್ಮಲ್ಲಿ ತುಂಬಾ ನಡೆಯಬೇಕಲ್ಲವೇ ಎಂದು ಕೇಳಿದಳು.

‘ಯೆಸ್, ಯೆಸ್. ಮೆನಿ ಮೈಲ್ಸ್’ ಎಂದೆ.

ಎಷ್ಟು ನಡೆದಿದ್ದೆ ಎಂದು ಹೇಳುತ್ತೇನೆ. ಸಖರಾಯಪಟ್ಟಣದ ಕಡೆಯಾಗಲಿ, ಸಿಂಗಟಗೆರೆಯ ಕಡೆಯಾಗಲಿ, ಬಸ್ಸು ಹೋಗುವವರೆಗೆ ಹೋಗುತ್ತಿದ್ದೆ. ಅಲ್ಲಿಂದ ಮುಂದೆ ಮೂರು ಮೈಲಿ ಒಳಗಿನ ಹಳ್ಳಿ ಎಂದರೆ, ಬಸ್ ನಿಲ್ಲುವ ಜಾಗದ ಹೋಟೆಲಿನಲ್ಲೇ ಕೂರುತ್ತಿದ್ದೆ. ಕೇಸು ಹಾಕಿದವರ ಕಡೆಯವರು ಅಲ್ಲಿಗೆ ಬಂದಿರುತ್ತಿದ್ದರು. ಪಂಚರು ಎಂದು ಇಬ್ಬರನ್ನು ಕರೆತಂದಿರುತ್ತಿದ್ದರು. ಟೀ ಕುಡಿದು, ಸಮನ್ಸಿನ ಹಿಂದೆ ‘ಪ್ರತಿವಾದಿಯ ಮನೆಗೆ ಹೋಗಿ ಸಮನ್ಸು ನೀಡಲಾಗಿ, ಸದರಿಯವರು ತೆಗೆದುಕೊಳ್ಳಲು ನಿರಾಕರಿಸಿ ಬಾಗಿಲು ಹಾಕಿಕೊಂಡಿರುತ್ತಾರೆ’ ಎಂದು ಬರೆದು ಇಬ್ಬರ ರುಜು ಹಾಕಿಸುತ್ತಿದ್ದೆ. ಯಾವಾಗಲೂ ಅಲ್ಲ. ಬಿಸಿಲು ಜಾಸ್ತಿ ಇದ್ದ ದಿನ, ಸಂಜೆಯ ಬಸ್ಸು ತಪ್ಪುವ ಭಯ ಇದ್ದ ದಿನ. ಲಂಚ ತೆಗೆದುಕೊಂಡವನಲ್ಲ ಎಂದು ಬಹಳ ಕಾಲ ಹೆಮ್ಮೆಪಟ್ಟಿದ್ದೇನೆ. ನಿರಾಕರಿಸಿದರು ಎಂದು ಬರೆದರೆ ಜಾರಿಯಾದ ಹಾಗೆಯೇ ಲೆಕ್ಕ. ಅವರು ಬರದಿದ್ದರೂ ಕೇಸು ನಡೆಯುತ್ತದೆ, ಒಂದೇ ಕಡೆಯ ಮಾತು ಕೇಳಿ ತೀರ್ಪಾಗುತ್ತದೆ. ಇದು ನನಗೆ ಗೊತ್ತಿತ್ತು.

ಇದನ್ನೆಲ್ಲ ನಾನು ತಮಾಷೆಯಾಗಿ ಹೇಳುತ್ತಿದ್ದೆ. ಸುಮಿತ್ರಳ ಮದುವೆಯ ಚಪ್ಪರದಲ್ಲಿ, ಎಲೆ ಅಡಿಕೆ ಹಾಕಿಕೊಂಡು, ಅಳಿಯನ ಮುಂದೆಯೂ ಹೇಳಿದ್ದೆ. ‘ಕಾಲು ನೋಯಿಸ್ಕೊಳ್ದೆ ಕೈಯಲ್ಲೇ ಕೆಲಸ ಮುಗಿಸೋದು ಹೆಂಗೆ ಗೊತ್ತೇನಪ್ಪಾ?’ ಎಂದು. ಎಲ್ಲರೂ ನಕ್ಕಿದ್ದರು. ಅಳಿಯ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ.

ಮೊದಲ ತಾರೀಕು

ಕೋರ್ಟು ಎಂದರೆ ನನ್ನ ಕಣ್ಣಿಗೆ ಬರುವುದು ಉದ್ದನೆಯ ವರಾಂಡ, ಅದರ ಕಲ್ಲುಬೆಂಚು. ಗಂಡ ಹೆಂಡತಿ ಇಬ್ಬರೂ ಅಲ್ಲೇ ಕೂರಬೇಕು. ಗಂಡನ ಕಡೆಯವರು ಎಂಟು ಹತ್ತು ಜನ ನಿಂತು ಕೆಮ್ಮುತ್ತ, ಉಗುಳುತ್ತ, ಹೆಂಗಸಿನ ಕಡೆ ನೋಡುತ್ತ ಇರುತ್ತಾರೆ. ಜವಾನ ಹೆಸರು ಕೂಗುತ್ತಾನೆ. ಒಳಗೆ ಹೋದರೆ ಗಿಜಿಗಿಡುವ ಜನರ ಮುಂದೆ, ಗಂಡ ಮೂರಡಿ ದೂರದಲ್ಲಿ ನಿಂತಿರುವಾಗ, ಅವನು ಏನು ಮಾಡಿದ ಎಂದು ಬಾಯಿಬಿಟ್ಟು ಹೇಳಬೇಕು. ಎಷ್ಟೋ ಹೆಂಗಸರು ಬಾಯಿ ತೆರೆದು ಹಾಗೇ ಮುಚ್ಚಿಕೊಂಡಿದ್ದನ್ನು ನೋಡಿದ್ದೇನೆ. ಹೇಳೋಕೇನೂ ಇಲ್ಲ ಇವಳಿಗೆ ಎಂದು ನಾವು ಹೊರಗೆ ಬಂದು ಮಾತಾಡಿಕೊಳ್ಳುತ್ತಿದ್ದೆವು.

ಇಲ್ಲಿ ಸುಮಿತ್ರಳಿಗೆ ಬೇರೆ ಬಾಗಿಲು ಕೊಟ್ಟಿದ್ದರು. ಕೂರಲು ಬೇರೆ ಕೋಣೆ. ಒಳಗೆ ಗಂಡನ ಮುಖ ಕಾಣದಂತೆ ಅಡ್ಡಪರದೆ. ಅವನು ಅವಳನ್ನು ನೇರವಾಗಿ ಪ್ರಶ್ನೆ ಕೇಳುವಂತಿಲ್ಲ, ವಕೀಲರೇ ಕೇಳಬೇಕು. ಮಾನ್ಯಳನ್ನು ಕೋರ್ಟಿಗೆ ಕರೆಸಲೇ ಇಲ್ಲ. ಮಗುವಿನ ಮಾತು ಕೇಳಲೆಂದೇ ಇರುವ ಒಬ್ಬ ಅಧಿಕಾರಿ ಶಾಲೆಗೇ ಹೋಗಿ, ಅವಳ ಜೊತೆ ಚಿತ್ರ ಬರೆಯುತ್ತ ಕೂತು, ಅವಳು ಹೇಳಿದ್ದನ್ನು ಬರೆದು ಕೊಟ್ಟಿದ್ದರು. ‘ಅಪ್ಪ ಇಷ್ಟ, ಅಪ್ಪನ ಕೈ ಇಷ್ಟ ಇಲ್ಲ’ ಎಂದಿದ್ದಳಂತೆ.

ಅಲ್ಲಿ ಎಲ್ಲ ಸರಿ ಇದೆ ಎಂದು ತಿಳಿಯಬೇಡಿ. ಈ ದಿನ ಬರಲು ಮಗಳು ಒಂದು ವರ್ಷಕ್ಕೂ ಮೇಲೆ ಕಾದಿದ್ದಳು. ಅಷ್ಟು ಕಾದು ಬಂದರೆ, ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬ ತೆಲುಗಿನವರನ್ನು ಕರೆಸಿದ್ದರು. ಪಾಪ, ಆ ಮನುಷ್ಯ ನನ್ನ ಕೈ ಹಿಡಿದು ತೆಲುಗಿನಲ್ಲಿ ಏನೋ ಸಮಾಧಾನ ಹೇಳಿದರು. ಜಡ್ಜಮ್ಮ ಕ್ಷಮೆ ಕೇಳಿದರು, ಇನ್ನೊಂದು ತಾರೀಕು ಕೊಟ್ಟರು. ಆರು ವಾರ.

‘ಇಲ್ಲೂ ತಾರೀಕೇನೇ!’ ಎಂದೆ ಸುಮಿತ್ರಳಿಗೆ. ಅವಳು ನಗಲಿಲ್ಲ.

ಬೇರೆ ಬಾಗಿಲು ಕೊಟ್ಟವರು ಬೇರೆ ಬಸ್ ಸ್ಟಾಪು ಕೊಡಲಾರರಲ್ಲ. ನಾವು ಬಸ್ಸು ಹತ್ತುವವರೆಗೆ ಅಳಿಯನನ್ನು ಒಳಗೇ ಕೂರಿಸಿದ್ದರು. ಆದರೂ ಸುಮಿತ್ರ ಬಸ್ ಸ್ಟಾಪಿನಲ್ಲಿ ನನ್ನ ಬೆನ್ನ ಹಿಂದೆ, ಗೋಡೆಗೆ ಅಂಟಿ ನಿಂತಿದ್ದಳು. ಮೂವತ್ತನಾಲ್ಕು ವರ್ಷದ ಮಗಳು. ಚಿಕ್ಕವಳಿದ್ದಾಗ ನಾಯಿ ಕಂಡರೆ ಹಾಗೆ ನಿಲ್ಲುತ್ತಿದ್ದಳು.

ಎರಡನೆಯ ತಾರೀಕು

ಈ ಸಲ ಕನ್ನಡದವರೇ ಸಿಕ್ಕರು. ಗೋಡೆಯ ಟೀವಿಯಲ್ಲಿ ಒಬ್ಬ ಹೆಂಗಸು, ಧಾರವಾಡದ ಕಡೆಯ ಮಾತು. ‘ನಮಸ್ಕಾರ್ರೀ ಯಜಮಾನ್ರ. ಅವರು ಕೇಳಿದ್ದನ್ನ ನಾ ನಿಮಗ ಹೇಳ್ತೀನಿ, ನೀವು ಹೇಳಿದ್ದನ್ನ ಅವರಿಗೆ ಹೇಳ್ತೀನಿ. ನಾ ಏನೂ ಸೇರ್ಸಂಗಿಲ್ಲ, ಏನೂ ಬಿಡಂಗಿಲ್ಲ’ ಎಂದಳು. ಎರಡು ತಿಂಗಳ ಮೇಲೆ ಹೊರಗಿನವರ ಬಾಯಲ್ಲಿ ಕನ್ನಡ ಕೇಳಿ ಟೀವಿಗೇ ಕೈಮುಗಿದೆ.

ಪ್ರಮಾಣ ಮಾಡಲು ಯಾವ ಗ್ರಂಥ ಬೇಕು ಎಂದರು. ಗ್ರಂಥ ಬೇಡ ಎಂದೆ. ಅಂಗಿಯ ಮೇಲಿಂದಲೇ ಎದೆಯ ಮೇಲಿನ ಲಿಂಗಕ್ಕೆ ಕೈಯಿಟ್ಟು ಸತ್ಯವನ್ನೇ ಹೇಳುತ್ತೇನೆ ಎಂದೆ.

ನಾನು ನಿಂತ ಜಾಗದಿಂದ ಪರದೆಯ ಎರಡೂ ಕಡೆ ಕಾಣುತ್ತಿತ್ತು. ಈ ಕಡೆ ಸುಮಿತ್ರ. ಆ ಕಡೆ ಅಳಿಯ, ಹೊಸ ಕೋಟು, ತಲೆ ಬಾಚಿಕೊಂಡು ಬಂದಿದ್ದಾನೆ. ನನ್ನನ್ನು ನೋಡಿ ಅಭ್ಯಾಸಬಲದಿಂದ ಅರ್ಧ ಎದ್ದು ಕೂತ. ಮಾವ ಬಂದರೆ ಏಳಬೇಕಲ್ಲ.

ಮೊದಲು ನಮ್ಮ ವಕೀಲರು ಕೇಳಿದರು. ಮಗಳು ಫೋನಿನಲ್ಲಿ ಏನು ಹೇಳಿದ್ದಳು? ಹೇಳಿದೆ. ಯಾವ ವರ್ಷ, ಯಾವ ಹಬ್ಬದ ಹಿಂದುಮುಂದು, ಹಿಂದೆ ಮಗು ಅಳುತ್ತಿದ್ದದ್ದು, ಎಲ್ಲ. ನೀವು ಏನು ಉತ್ತರ ಕೊಟ್ಟಿರಿ? ಅದನ್ನೂ ಹೇಳಿದೆ. ‘ಹೊಂದ್ಕೊಂಡು ಹೋಗು ಅಂದೆ. ಒಂದ್ ಏಟು ಇರ್ತದೆ ಅಂದೆ.’ ಟೀವಿಯಲ್ಲಿದ್ದವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಜಡ್ಜಮ್ಮ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಹೆಂಡತಿ ಹೇಳಿದಂತೆ ನನ್ನ ಮರ್ಯಾದೆ ಹೋಯಿತು. ಆದರೆ ಆ ಮಾತು ನಾಟಿತು ಎಂದು ನನಗೆ ತಿಳಿಯಿತು. ತನಗೇ ಅವಮಾನವಾಗುವ ಮಾತನ್ನು ಯಾರೂ ಕಟ್ಟಿ ಹೇಳುವುದಿಲ್ಲ.

ಆಮೇಲೆ ಅಳಿಯನ ವಕೀಲ ಎದ್ದ. ಚಿಕ್ಕ ವಯಸ್ಸು, ಬಹಳ ವಿನಯ. ನೀವು ಕೋರ್ಟಿನಲ್ಲಿ ಕೆಲಸ ಮಾಡಿದವರು, ಕೋರ್ಟಿಗೆ ಏನು ಬೇಕು ಎಂದು ನಿಮಗೆ ಗೊತ್ತು, ಅಲ್ಲವೇ ಎಂದ. ಹೌದು ಎಂದೆ. ಅವನು ಒಂದು ಕಾಗದ ನೋಡಿಕೊಂಡ. ಅಳಿಯ ತಲೆ ತಗ್ಗಿಸಿ ಕೂತಿದ್ದ. ನನಗೆ ಪ್ರಶ್ನೆ ಬರುವ ಮುಂಚೆಯೇ ಪ್ರಶ್ನೆ ತಿಳಿಯಿತು. ಮದುವೆಯ ಚಪ್ಪರ ಕಣ್ಣ ಮುಂದೆ ಬಂತು.

ಟೀವಿಯಲ್ಲಿದ್ದವಳು ಹೇಳಿದಳು: ‘ನಿಮ್ಮ ನೌಕರಿ ಒಳಗ, ಯಾರದಾದ್ರೂ ಮನಿಗೆ ಹೋಗ್ದನ ಹೋಗೀನಿ ಅಂತ ಕೋರ್ಟಿಗೆ ಸುಳ್ಳು ಬರಕೊಟ್ಟೀರೇನು ಅಂತ ಕೇಳ್ತಾರ.’

ಆಗ ನನ್ನ ಮನಸ್ಸಿಗೆ ಬಂದವಳು ಒಬ್ಬಳೇ. ಸಿಂಗಟಗೆರೆಯಿಂದ ಒಳಗೆ ಮೂರು ಮೈಲಿಯ ಹಳ್ಳಿಯವಳು. ಗಂಡ ತರೀಕೆರೆಯವನು. ಏಟು ತಾಳಲಾರದೆ ಮೂರು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ತಾಯಿಯ ಮನೆಗೆ ಬಂದಿದ್ದಳು. ಮಗು ತನಗೆ ಬೇಕೆಂದು ಗಂಡ ಕೇಸು ಹಾಕಿದ. ಸಮನ್ಸು ನನ್ನ ಕೈಗೆ ಬಂತು. ಆ ದಿನ ಬಿಸಿಲು. ಗಂಡನ ಚಿಕ್ಕಪ್ಪ ಹೋಟೆಲಿನಲ್ಲೇ ಸಿಕ್ಕಿ, ‘ಯಾಕೆ ಸ್ವಾಮಿ ಸುಮ್ನೆ ನಡೀತೀರಾ, ಅವಳು ತಗಳಲ್ಲ’ ಎಂದ. ಬರೆದುಬಿಟ್ಟೆ. ಅವಳಿಗೆ ಕೇಸಿರುವುದೇ ತಿಳಿಯಲಿಲ್ಲ. ತೀರ್ಪಾದ ಮೇಲೆ ಒಂದು ದಿನ ಅವರು ಆರ್ಡರು ಹಿಡಿದುಕೊಂಡು ಬಂದು ಮಗುವನ್ನು ಕರೆದೊಯ್ದರು. ಅವಳು ಕೋರ್ಟಿಗೆ ಓಡಿಬಂದಳು. ಯಾರೋ ನನ್ನನ್ನು ತೋರಿಸಿದರು.

‘ನೀವೇ ಏನಣ್ಣಾ ಅಮೀನ್ರು? ನಮ್ಮನೆಗೆ ಯಾವತ್ತು ಬಂದಿದ್ರಿ?’

‘ಬಂದಿದ್ದೆ ಕಣಮ್ಮ. ನೀನೇ ಬಾಗಿಲು ಹಾಕ್ಕೊಂಡೆ.’

ಅವಳು ಸಿಟ್ಟಾಗಲಿಲ್ಲ. ನನಗೇ ಏನೋ ಮರೆವಾಗಿದೆ, ನೆನಪು ಮಾಡಿಕೊಟ್ಟರೆ ಸರಿಹೋಗುತ್ತದೆ ಎನ್ನುವ ಹಾಗೆ ಹೇಳಿದಳು: ‘ನಮ್ಮನೆಗೆ ಬಾಗಿಲೇ ಇಲ್ವಲ್ಲಣ್ಣಾ. ತಟ್ಟಿ ಕಟ್ಟೀವಿ.’

ಸುತ್ತ ನಿಂತಿದ್ದ ಗುಮಾಸ್ತರು ನಕ್ಕರು. ಅವಳು ಅಡ್ರೆಸ್ಸು ತಪ್ಪಾಗಿದೆ ಎಂದುಕೊಂಡು ತನ್ನ ಊರು, ಬೀದಿ, ಪಕ್ಕದ ಮನೆ ಎಲ್ಲ ಹೇಳತೊಡಗಿದಳು. ನಾನು ಫೈಲು ಎತ್ತಿಕೊಂಡು ಒಳಗೆ ಹೋದೆ. ಅದಾದ ಮೇಲೆ ಎರಡು ವರ್ಷ ಅವಳನ್ನು ತರೀಕೆರೆಯಲ್ಲಿ ನೋಡುತ್ತಿದ್ದೆ. ಅಂಗನವಾಡಿ ಬಿಡುವ ಹೊತ್ತಿಗೆ ರಸ್ತೆಯ ಈಚೆ ನಿಂತಿರುತ್ತಿದ್ದಳು. ನಾನು ಬಸ್ಸಿನ ಮರೆಗೆ ಸರಿಯುತ್ತಿದ್ದೆ. ಮೂರನೆಯ ವರ್ಷ ಕಾಣಲಿಲ್ಲ.

ಇಷ್ಟೂ ನನ್ನ ತಲೆಯಲ್ಲಿ ಹಾದುಹೋಗಲು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹೌದು ಎಂದರೆ, ಸುಳ್ಳು ಬರೆಯುವುದೇ ಇವನ ಅಭ್ಯಾಸ ಎಂದು ನಾನು ಆಗಷ್ಟೇ ಹೇಳಿದ ನಿಜವೂ ನೀರಾಗುತ್ತದೆ. ಮಾನ್ಯ ಅಜ್ಜಂಪುರಕ್ಕೆ ಹೋಗುತ್ತಾಳೆ. ಪರದೆಯ ಈಚೆ ಸುಮಿತ್ರ ಎರಡು ಕೈಯಲ್ಲೂ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು.

‘ಇಲ್ಲ’ ಎಂದೆ.

ಟೀವಿಯಲ್ಲಿದ್ದವಳು ತಕ್ಷಣ ಹೇಳಲಿಲ್ಲ. ಜಡ್ಜಮ್ಮನಿಗೆ ನನ್ನ ಭಾಷೆ ತಿಳಿಯದು, ಅವಳಿಗೆ ತಿಳಿಯುತ್ತದೆ. ನಮ್ಮ ಭಾಷೆಯಲ್ಲಿ ಒಬ್ಬ ಮುದುಕ ಇಲ್ಲ ಎನ್ನುವುದು ಹೇಗೆಂದು ಅವಳು ಕೇಳಿಬಲ್ಲಳು. ಕಣ್ಣು ಕೆಳಗೆ ಮಾಡಿ, ‘ನೋ’ ಎಂದಳು. ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ.

ತೀರ್ಪಿನ ದಿನ

ಮಾನ್ಯ ತಾಯಿಯ ಬಳಿಯೇ ಇರಬೇಕು, ತಂದೆ ಬೇರೊಬ್ಬರ ಎದುರಿನಲ್ಲಿ ಮಾತ್ರ ಮಗುವನ್ನು ನೋಡಬಹುದು, ದೇಶದಿಂದ ಹೊರಗೆ ಕರೆದೊಯ್ಯುವಂತಿಲ್ಲ ಎಂದಾಯಿತು. ನನ್ನ ಸಾಕ್ಷ್ಯ ನಂಬಬಹುದಾದದ್ದು, ತನ್ನ ತಪ್ಪನ್ನು ಮುಚ್ಚಿಡದ ತಂದೆ ಎಂದು ಜಡ್ಜಮ್ಮ ಬರೆದಿದ್ದರು. ಸುಮಿತ್ರ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು. ನನಗೆ ನೀರು ಬೇಕಾಯಿತು.

ಮಗುವಿಗೂ ಒಂದು ಪುಟದ ಕಾಗದ ಬರೆದಿದ್ದರು. ‘ಇದನ್ನು ತೀರ್ಮಾನ ಮಾಡಿದ್ದು ನಾನು, ನೀನಲ್ಲ. ಅಪ್ಪನಿಗಾಗಲಿ ಅಮ್ಮನಿಗಾಗಲಿ ನೀನು ಏನೂ ತಪ್ಪು ಮಾಡಿಲ್ಲ’ ಎಂದು. ಮಾನ್ಯ ಅದನ್ನು ಮಡಿಸಿ ಶಾಲೆಯ ಚೀಲದಲ್ಲಿ ಇಟ್ಟುಕೊಂಡಳು. ತರೀಕೆರೆಗೆ ಹೋದ ಆ ಮೂರು ವರ್ಷದ ಕೂಸಿಗೆ ಅಂಥ ಕಾಗದ ಯಾರೂ ಬರೆಯಲಿಲ್ಲ. ಅಮ್ಮ ಯಾಕೆ ಬರಲಿಲ್ಲ ಎಂದರೆ, ನಿನ್ನಮ್ಮ ಕೋರ್ಟಿಗೇ ಬರಲಿಲ್ಲ, ನೀನು ಬೇಡವಾಗಿದ್ದೆ ಎಂದೇ ಹೇಳಿ ಬೆಳೆಸಿರುತ್ತಾರೆ. ಕಾಗದದ ಮೇಲೆ ಹಾಗೇ ಇದೆ. ನನ್ನ ಅಕ್ಷರದಲ್ಲಿ.

ಸಾಯಂಕಾಲ ಸುಮಿತ್ರ ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರು ಕೂತಿದ್ದೆ.

‘ಅಪ್ಪಾ, ಆ ಪ್ರಶ್ನೆ.’

‘ಯಾವ್ದು?’

‘ಸುಮ್ನಿರಪ್ಪಾ. ಚಪ್ಪರದಾಗೆ ನೀನ್ ಹೇಳಿದ್ದು ನಾನೂ ಕೇಳಿದ್ದೆ. ಮದುಮಗಳು ಅಂತ ತಲೆ ತಗ್ಗಿಸ್ಕೊಂಡಿದ್ದೆ, ಕಿವಿ ಮುಚ್ಕೊಂಡಿರ್ಲಿಲ್ಲ.’

ನಾನೂ ಒಂದು ಕಟ್ಟು ಸೊಪ್ಪು ಎಳೆದುಕೊಂಡು ಬಿಡಿಸತೊಡಗಿದೆ.

‘ನಂಗೋಸ್ಕರ ಹೇಳ್ದೆ ಅಂತ ಗೊತ್ತು. ಬ್ಯಾಡಾಗಿತ್ತು ಅನ್ನೋಕೆ ನಂಗೆ ಬಾಯಿಲ್ಲ. ನನ್ ಮಗು ನನ್ ಮನೇಲೈತೆ.’ ಸೊಪ್ಪಿನ ದಂಟು ಮುರಿಯುತ್ತಲೇ ಕೇಳಿದಳು, ‘ಎಷ್ಟ್ ಜನ ಅಪ್ಪಾ? ಹಂಗೆ ಬರೆದದ್ದು?’

‘ಲೆಕ್ಕ ಇಟ್ಟಿಲ್ಲ ಕಣವ್ವಾ.’

‘ಒಬ್ಬಳಾದ್ರೂ ನೆಪ್ಪಿದ್ದಾಳಾ? ಆಗ ಅಲ್ಲಿ ನಿಂತ್ಕಂಡು ನೀನ್ ಯಾರನ್ನೋ ನೆನೆಸ್ಕಂಡೆ. ನಿನ್ ಮುಖ ನೋಡ್ದೆ.’

ಹೇಳಿದೆ. ತರೀಕೆರೆ, ಕೂಸು, ತಟ್ಟಿ, ಎಲ್ಲ. ಅವಳ ಕೈ ನಿಂತಿತು.

‘ಅವಳ ಹೆಸರೇನು?’

‘ಮರೆತೋಯ್ತು’ ಎಂದೆ. ಮಗಳ ಬಾಯಲ್ಲಿ ಆ ಹೆಸರು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳು ನನ್ನ ಮುಂದಿದ್ದ ಸೊಪ್ಪನ್ನೂ ಎಳೆದುಕೊಂಡಳು. ಆಮೇಲೆ ಸೊಪ್ಪನ್ನು ತೊಳೆಯಲು ಎದ್ದಳು.

ಕಡೂರು

ವಾಪಸು ಬಂದ ಮೇಲೆ ಹಳೆಯ ಕೋರ್ಟಿಗೆ ಒಮ್ಮೆ ಹೋಗಿದ್ದೆ. ಈಗ ಅಮೀನರ ಕೈಗೆ ಫೋನು ಕೊಟ್ಟಿದ್ದಾರಂತೆ, ಹೋದ ಜಾಗ ಅದರಲ್ಲಿ ತಾನೇ ದಾಖಲಾಗುತ್ತದಂತೆ. ಒಳ್ಳೆಯದು. ಆದರೆ ಕಾಲು ಎಲ್ಲಿಗೆ ಹೋಯಿತು ಎಂದು ಫೋನಿಗೆ ತಿಳಿಯುತ್ತದೆ, ಕಾಗದದಲ್ಲಿ ಏನಿದೆ ಎಂದು ಆ ಹೆಣ್ಣುಮಗಳಿಗೆ ತಿಳಿಯಿತೋ ಇಲ್ಲವೋ ಅದಕ್ಕೆ ಹೇಗೆ ಗೊತ್ತಾಗಬೇಕು? ವರಾಂಡದ ಕಲ್ಲುಬೆಂಚು ಹಾಗೇ ಇತ್ತು. ಒಂದು ತುದಿಯಲ್ಲಿ ಒಬ್ಬಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು, ಇನ್ನೊಂದು ತುದಿಯಲ್ಲಿ ನಾಲ್ಕು ಜನ ಗಂಡಸರು ನಿಂತು ಅವಳನ್ನೇ ನೋಡುತ್ತಿದ್ದರು.

ನಾನು ದೊಡ್ಡ ಮಾತು ಹೇಳುವವನಲ್ಲ. ಜವಾನರ ಸಾಲಿನಿಂದ ಕಂಡಷ್ಟು ಹೇಳುತ್ತೇನೆ. ಆ ಹೆಂಗಸಿಗೆ ಕೂರಲು ಬೇರೆ ಕೋಣೆ ಕೊಡಿ, ಒಂದು ಪರದೆ ಕಟ್ಟಿ. ಇವೆರಡಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮಗುವಿನ ಮಾತನ್ನು ಕೇಳಲು ಒಬ್ಬರನ್ನು ಕಳಿಸಿ. ಮಗುವಿನ ವಿಷಯದ ಕೇಸಿನಲ್ಲಿ ತಾಯಿ ಬರಲಿಲ್ಲ ಎಂದರೆ, ಬರಲಿಲ್ಲವೇಕೆ ಎಂದು ಒಬ್ಬ ಹೆಂಗಸನ್ನೇ ಅವಳ ಮನೆಗೆ ಕಳಿಸಿ ಕೇಳಿಸದ ಹೊರತು ತೀರ್ಪು ಕೊಡಬೇಡಿ. ನನ್ನಂಥವನು ಬರೆದ ಒಂದು ಸಾಲನ್ನು ನಂಬಬೇಡಿ. ಇಂಗ್ಲೆಂಡಿನವರೂ ನನ್ನನ್ನು ನಂಬಿದರು, ಅದನ್ನೂ ಮರೆಯಬೇಡಿ.

ಈ ಬರಹ ಓದಿ ಅಳಿಯ ಅಲ್ಲಿಯ ಕೋರ್ಟಿಗೆ ಕೊಟ್ಟರೆ ಏನಾಗುತ್ತದೋ ಎಂಬ ಭಯವೇ ಎರಡು ವರ್ಷ ನನ್ನ ಕೈ ಹಿಡಿದಿದ್ದು. ಹೋದ ತಿಂಗಳು ಸುಮಿತ್ರಳಿಗೆ ಫೋನಿನಲ್ಲಿ ಕೇಳಿದೆ. ‘ಬರಿ ಅಪ್ಪಾ. ಏನ್ ಬಂದ್ರೂ ನಾನು ಕೋರ್ಟಿಗೆ ಹೋಗಿ ಹೇಳ್ತೀನಿ. ನಂಗೆ ತಿಳಿಸಿ ಆಮೇಲಲ್ವಾ ಇಲ್ಲಿ ಕೇಸು ನಡೆಸೋದು’ ಎಂದಳು. ಫೋನು ಇಡುವ ಮುಂಚೆ, ‘ಅವಳ ಹೆಸರು ನೆಪ್ಪಾಯ್ತಾ ಅಪ್ಪಾ?’ ಎಂದು ಮತ್ತೆ ಕೇಳಿದಳು. ಅದಕ್ಕೆ ಉತ್ತರ ಇಲ್ಲೇ ಬರೆಯುತ್ತೇನೆ.

ಹೆಸರು ಮರೆತಿಲ್ಲ, ಸುಮಿತ್ರ. ಒಂದು ದಿನವೂ ಮರೆತಿಲ್ಲ. ಅವಳು ನಿರಾಕರಿಸಲಿಲ್ಲ, ನಾನು ಹೋಗಲಿಲ್ಲ. ಅವಳು ಎದುರಿಗೆ ನಿಂತು ಕೇಳಿದಾಗಲೂ ತಪ್ಪಾಯಿತು ಎನ್ನಲಿಲ್ಲ. ಅವಳು ಪುಟ್ಟಗೌರಮ್ಮ.